ಅಕ್ಷರ ಬೆಳಗಲಿ, ಬಲ್ಬ್ ಕಾಣದಿರಲಿ: ಮನೆಯ ಕಾಕ್‌ಪಿಟ್ ಪ್ಯಾನೆಲ್‌ಗೆ ಎಲ್‌ಇಡಿ ಬೆಳಕು

ಬೀದರ್‌ನವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ತರಬೇತಿ ನೆಲೆ ಇಲ್ಲೇ ಇದೆ. ಹಾಕ್ ಜೆಟ್‌ಗಳು 2008ರಿಂದ ಈ ಊರಿನ ಮೇಲೆ ಹಾರುತ್ತಿವೆ. ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡದ ನೆಲೆಯೂ ಇದೇ. ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ತೆರೆಯಿತು, ಮುಂದಿನ ಫೆಬ್ರವರಿಯಲ್ಲಿ ಬೀದರ್‌ನಿಂದಲೂ ಪ್ರಯಾಣಿಕರ ವಿಮಾನ ಶುರುವಾಯಿತು. ಇಂಥ ಕಡೆ ಬೆಳೆದ ಹುಡುಗರಿಗೆ ಕಂಪ್ಯೂಟರ್ ಕೈಗೆ ಸಿಕ್ಕರೆ ಪರದೆಯ ಮೇಲೆ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಹುಚ್ಚು ಹಿಡಿಯದೆ ಇರುತ್ತದೆಯೇ?

ಮೊದಲು ಜಾಯ್‌ಸ್ಟಿಕ್ ಬರುತ್ತದೆ. ಆಮೇಲೆ ಸ್ವಿಚ್‌ಗಳಿರುವ ಪ್ಯಾನೆಲ್ ಮಾಡೋಣ ಅನ್ನಿಸುತ್ತದೆ. ಪ್ಯಾನೆಲ್ ಆದ ಮೇಲೆ ರಾತ್ರಿ ಹಾರಾಟ ಹಾಕಿ, ಕೋಣೆಯ ದೀಪ ಆರಿಸಿದರೆ ಒಂದು ಸ್ವಿಚ್ಚೂ ಕಾಣುವುದಿಲ್ಲ. ಈ ಲೇಖನ ಅಲ್ಲಿಂದ ಮುಂದಿನ ಕೆಲಸದ ಬಗ್ಗೆ.

ಶುರುವಿಗೇ ಒಂದು ಮಾತು. ಹೆಚ್ಚಿನವರು ಎಲ್‌ಇಡಿ ಜಾಸ್ತಿ ಹಾಕಿದಷ್ಟೂ ಚೆಂದ ಎಂದುಕೊಂಡು ಹೊರಡುತ್ತಾರೆ. ಆಗುವುದು ಉಲ್ಟಾ. ಕಾಕ್‌ಪಿಟ್ ಬೆಳಕು ಕೋಣೆಯನ್ನು ಬೆಳಗುವುದಕ್ಕಲ್ಲ, ಅಕ್ಷರ ಓದುವುದಕ್ಕೆ. ಎಲ್‌ಇಡಿ ಎಲ್ಲಿದೆ ಎಂದು ನೋಡುವವರಿಗೆ ಗೊತ್ತೇ ಆಗಬಾರದು. ಆದ್ದರಿಂದ ನಿಮ್ಮ ಸಮಯವನ್ನು ಬೆಳಕು ಹುಟ್ಟಿಸುವುದಕ್ಕಿಂತ ಅದನ್ನು ಹರಡುವುದಕ್ಕೆ, ತಡೆಯುವುದಕ್ಕೆ ಮತ್ತು ಕಡಿಮೆ ಮಾಡುವುದಕ್ಕೆ ಕೊಡಿ.

ಯಾವ ಬಣ್ಣ?

ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಕ್‌ಪಿಟ್‌ಗಳಿಗೆ ಕೆಂಪು ಬೆಳಕು ಹಾಕುತ್ತಿದ್ದರು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಕೆಂಪು ಬೆಳಕು ಆ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದರೆ ಕೆಂಪು ದೀಪದಲ್ಲಿ ನಕ್ಷೆಯ ಕೆಂಪು ಗೆರೆಗಳು ಮಾಯವಾಗುತ್ತವೆ. ಬರಬರುತ್ತಾ ಮಂದ ಬಿಳಿ ಬೆಳಕೇ ರೂಢಿಗೆ ಬಂತು. ಬೋಯಿಂಗ್ 737ರಂಥ ವಿಮಾನಗಳ ಪ್ಯಾನೆಲ್ ಒಳಗೆ 5 ವೋಲ್ಟ್‌ನ ಪುಟ್ಟ ತಂತಿ ಬಲ್ಬ್‌ಗಳಿರುತ್ತಿದ್ದವು, ಅವುಗಳ ಬೆಳಕು ಹಳದಿ ಮಿಶ್ರಿತ ಬಿಳಿ.

ಹಾಗಾಗಿ ಅಂಗಡಿಯಲ್ಲಿ ಸುಮ್ನೆ ‘ವೈಟ್ ಎಲ್‌ಇಡಿ’ ಎಂದು ಕೇಳಬೇಡಿ. ನೀಲಿ ಛಾಯೆಯ ಕೂಲ್ ವೈಟ್ ಕೊಟ್ಟುಬಿಡುತ್ತಾರೆ, ಪ್ಯಾನೆಲ್ ಮೊಬೈಲ್ ಅಂಗಡಿಯ ಶೋಕೇಸ್ ಆಗುತ್ತದೆ. ವಾರ್ಮ್ ವೈಟ್, 2700ರಿಂದ 3000 ಕೆಲ್ವಿನ್ ಎಂದು ಹೇಳಿ. ಇನ್ನೊಂದು ವ್ಯತ್ಯಾಸ ತಿಳಿದಿರಲಿ: ತಂತಿ ಬಲ್ಬನ್ನು ಮಂದ ಮಾಡಿದಷ್ಟೂ ಅದು ಕೆಂಪಾಗುತ್ತದೆ, ಎಲ್‌ಇಡಿ ಮಂದವಾದರೂ ಬಣ್ಣ ಬದಲಿಸುವುದಿಲ್ಲ. ಹಳೆಯ ಬಲ್ಬಿನ ಕಳೆಯೇ ಬೇಕೆಂದರೆ ಬೆಳಕು ಹರಡುವ ಹಾಳೆಯ ಹಿಂದೆ ತೆಳು ಕಿತ್ತಳೆ ಜಿಲೆಟಿನ್ ಕಾಗದ ಇಡಬಹುದು. ನನಗೆ ಅದು ಇಷ್ಟ. ಎಲ್ಲರಿಗೂ ಆಗಬೇಕೆಂದಿಲ್ಲ.

ಮೊದಲ ಪ್ಯಾನೆಲ್ ಸಣ್ಣದಿರಲಿ

ತಲೆಯ ಮೇಲಿನ ದೊಡ್ಡ ಓವರ್‌ಹೆಡ್‌ಗೆ ಈಗಲೇ ಕೈ ಹಾಕಬೇಡಿ. ರೇಡಿಯೋ ಪ್ಯಾನೆಲ್ ಅಥವಾ ಲೈಟ್ ಸ್ವಿಚ್‌ಗಳ ಒಂದು ಪ್ಯಾನೆಲ್ ಸಾಕು. ನಿಜವಾದ ದೊಡ್ಡ ವಿಮಾನಗಳಲ್ಲಿ ಪೈಲಟ್‌ಗಳ ನಡುವಿನ ಪೆಡೆಸ್ಟಲ್‌ನ ಪ್ಯಾನೆಲ್‌ಗಳು 146 ಮಿಲಿಮೀಟರ್ ಅಗಲ ಇರುತ್ತವೆ. ಈಗಲೇ ಇದೇ ಅಳತೆ ಹಿಡಿದರೆ ಮುಂದೆ ಮಾಡುವ ಪ್ಯಾನೆಲ್‌ಗಳೂ ಒಂದರ ಪಕ್ಕ ಒಂದು ಸರಿಯಾಗಿ ಕೂರುತ್ತವೆ.

ಮುಖದ ಹಲಗೆಗೆ 3 ಮಿಲಿಮೀಟರ್ ಪಾರದರ್ಶಕ ಅಕ್ರಿಲಿಕ್ ತಗೊಳ್ಳಿ. ನೇಮ್‌ಪ್ಲೇಟ್ ಮಾಡುವ ಅಂಗಡಿಗಳಲ್ಲಿ ತುಂಡು ಉಳಿದಿರುತ್ತದೆ, ಕೇಳಿದರೆ ಕೊಡುತ್ತಾರೆ. ಮೇಲಿನ ರಕ್ಷಣಾ ಕಾಗದ ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಥಿನ್ನರ್ ಹಾಕಿ ಒರೆಸಬೇಡಿ, ಅಕ್ರಿಲಿಕ್‌ನಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು ಬರುತ್ತವೆ.

ಈಗ ಬಣ್ಣ. ಮೊದಲು ಬಿಳಿ ಸ್ಪ್ರೇ, ತೆಳುವಾಗಿ ಎರಡು ಮೂರು ಪದರ. ಅದರ ಮೇಲೆ ಕಪ್ಪು ಅಥವಾ ಬೂದು, ಅದೂ ಎರಡು ಮೂರು ಪದರ. ಆಮೇಲೆ ಲೇಸರ್‌ನಲ್ಲಿ ಅಕ್ಷರದ ಜಾಗದ ಮೇಲ್ಬಣ್ಣವನ್ನಷ್ಟೇ ಕೆತ್ತಿಸಬೇಕು. ಕೆಳಗಿನ ಬಿಳಿ ಉಳಿಯುತ್ತದೆ. ಹಗಲಲ್ಲಿ ಅದು ಬಿಳಿ ಅಕ್ಷರ, ರಾತ್ರಿ ಹಿಂದಿನಿಂದ ಬೆಳಕು ಬಿದ್ದಾಗ ಹೊಳೆಯುವ ಅಕ್ಷರ. ಬಿದರಿ ಹೂಜಿಯ ಬೆಳ್ಳಿ ಎದ್ದು ಕಾಣುವುದು ಸುತ್ತಲಿನ ಕಪ್ಪಿನಿಂದ ಅಲ್ವಾ? ಇಲ್ಲೂ ಮೇಲ್ಬಣ್ಣ ಗಟ್ಟಿಯಾಗಿದ್ದಷ್ಟೂ ಅಕ್ಷರಕ್ಕೆ ಕಳೆ. ಮೇಲ್ಬಣ್ಣ ಒಣಗಿದ ಮೇಲೆ ಹಲಗೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಎಲ್ಲಾದರೂ ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿ ಬಂದರೆ ಇನ್ನೊಂದು ಪದರ ಹೊಡೆಯಿರಿ.

ನಮ್ಮ ಕಡೆಯ ಬೇಸಿಗೆಯ ಬಗ್ಗೆ ಹೇಳಲೇಬೇಕು. ಏಪ್ರಿಲ್, ಮೇ ಮಧ್ಯಾಹ್ನ ಮಾಳಿಗೆ ಮೇಲೆ ನಿಂತು ಸ್ಪ್ರೇ ಮಾಡಿದರೆ ಬಣ್ಣ ಹಲಗೆಗೆ ತಾಗುವ ಮೊದಲೇ ಗಾಳಿಯಲ್ಲಿ ಒಣಗಿ, ಮೇಲ್ಮೈ ಮರಳು ಕಾಗದದಂತೆ ಒರಟಾಗುತ್ತದೆ. ಜೊತೆಗೆ ಧೂಳು ಕೂರುತ್ತದೆ. ಬೆಳಗ್ಗೆ ಎಂಟರೊಳಗೆ ಮುಗಿಸಿ. ಮಳೆಗಾಲದ ತೇವದಲ್ಲಿ ಇನ್ನೊಂದು ತೊಂದರೆ, ಕಪ್ಪು ಬಣ್ಣದ ಮೇಲೆ ಮಂಜು ಕವಿದ ಹಾಗೆ ಬಿಳಿ ಛಾಯೆ ಬರುತ್ತದೆ. ಬಿಸಿಲು ಬಿದ್ದ ದಿನಕ್ಕೆ ಕಾಯುವುದೇ ದಾರಿ.

ಲೇಸರ್ ಅಂಗಡಿಯವರಿಗೆ ಪ್ಯಾನೆಲನ್ನೇ ನೇರವಾಗಿ ಕೊಡಬೇಡಿ. ಅದೇ ಅಕ್ರಿಲಿಕ್‌ಗೆ ಅದೇ ದಿನ ಅದೇ ಬಣ್ಣ ಹೊಡೆದ ಒಂದು ಸಣ್ಣ ತುಂಡು ಒಯ್ಯಿರಿ. ಶಕ್ತಿ ಜಾಸ್ತಿಯಾದರೆ ಬಿಳಿಯೂ ಹೋಗುತ್ತದೆ, ಕಡಿಮೆಯಾದರೆ ಕಪ್ಪು ಉಳಿಯುತ್ತದೆ. ನಾಲ್ಕೈದು ಬೇರೆ ಬೇರೆ ಸೆಟ್ಟಿಂಗ್‌ನಲ್ಲಿ ತುಂಡಿನ ಮೇಲೆ ಕೆತ್ತಿಸಿ, ಸರಿ ಬಂದದ್ದನ್ನು ಆರಿಸಿ. ಕಪ್ಪು ಬಿಳಿ ಎರಡು ಪದರದ ಸಿದ್ಧ ನೇಮ್‌ಪ್ಲೇಟ್ ಶೀಟುಗಳೂ ಸಿಗುತ್ತವೆ. ಆದರೆ ಕೆಲವುದರ ಬಿಳಿ ಪದರದಲ್ಲಿ ಬೆಳಕು ಹಾಯುವುದೇ ಇಲ್ಲ. ಅಲ್ಲೂ ಟಾರ್ಚ್ ಪರೀಕ್ಷೆ ಮಾಡಿಯೇ ದುಡ್ಡು ಕೊಡಿ.

ಲೇಸರ್ ಹತ್ತಿರದಲ್ಲಿ ಇಲ್ಲವೇ? ಗಾಡಿ ನಂಬರ್ ಪ್ಲೇಟಿಗೆ ಅಕ್ಷರ ಕತ್ತರಿಸುವ ರೇಡಿಯಂ ಅಂಗಡಿ ಪ್ರತಿ ಊರಲ್ಲೂ ಇದೆ. ಯಾದಗಿರಿ, ಹುಮನಾಬಾದ್, ಶಹಾಪುರ, ಎಲ್ಲಿ ಹೋದರೂ ಸಿಗುತ್ತದೆ. ಕಪ್ಪು ಸ್ಟಿಕ್ಕರ್‌ನಲ್ಲಿ ಅಕ್ಷರಗಳನ್ನು ಕತ್ತರಿಸಿ ತೆಗೆದು, ಉಳಿದ ಕಪ್ಪು ಹಾಳೆಯನ್ನು ಹಾಲು ಬಿಳಿ ಅಕ್ರಿಲಿಕ್ ಮೇಲೆ ಅಂಟಿಸಿದರೆ ಪ್ಯಾನೆಲ್ ಸಿದ್ಧ. ಒಂದೇ ತೊಡಕು, ಸಣ್ಣ ಅಕ್ಷರ. 4 ಮಿಲಿಮೀಟರ್ ಎತ್ತರದ ಅಕ್ಷರ ತೋರಿಸಿದರೆ ಅಂಗಡಿಯವರು ಮೊದಲೇ ಹೇಳಿಬಿಡುತ್ತಾರೆ: “ಇಷ್ಟು ಸಣ್ಣದು ಬರಂಗಿಲ್ಲರಿ ಸರ್, ತೆಗಿವಾಗ ಹರೀತದ.” ಅವರ ಮಾತು ಸರಿ. ಅಕ್ಷರವನ್ನು 6 ಮಿಲಿಮೀಟರ್‌ಗೆ ಏರಿಸಿ, ಗೆರೆ ಸ್ವಲ್ಪ ದಪ್ಪ ಮಾಡಿ. ನೋಟ ನಿಜವಾದ ಪ್ಯಾನೆಲ್‌ಗಿಂತ ತುಸು ದೊಡ್ಡದಾಗುತ್ತದೆ, ಓದಲು ಮಾತ್ರ ಸುಲಭ.

ಒಂದು ಎಚ್ಚರಿಕೆ. ಈ ಸ್ಟಿಕ್ಕರ್ ಪಿವಿಸಿಯದ್ದು. ಅದನ್ನು ಅಂಟಿಸಿದ ಹಲಗೆಯನ್ನು ಯಾವ ಕಾರಣಕ್ಕೂ ಲೇಸರ್ ಯಂತ್ರಕ್ಕೆ ಕೊಡಬೇಡಿ. ಪಿವಿಸಿ ಸುಟ್ಟರೆ ಕ್ಲೋರಿನ್ ಇರುವ ವಿಷದ ಹೊಗೆ ಬರುತ್ತದೆ. ಉಸಿರಿಗೂ ಕೆಟ್ಟದ್ದು, ಯಂತ್ರಕ್ಕೂ ಕೆಟ್ಟದ್ದು.

ಬೆಳಕಿನ ಪೆಟ್ಟಿಗೆ

ಪ್ಯಾನೆಲ್ ಮುಗಿಯಿತು. ಅದರ ಹಿಂದೆ ಒಂದು ಆಳ ಕಡಿಮೆಯ ಪೆಟ್ಟಿಗೆ ಬೇಕು. ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ 5 ಮಿಲಿಮೀಟರ್ ಸನ್‌ಬೋರ್ಡ್ ಇದಕ್ಕೆ ಹೇಳಿ ಮಾಡಿಸಿದ ವಸ್ತು. ಕಟರ್‌ನಲ್ಲೇ ಕತ್ತರಿಸಬಹುದು, ಒಳಗೆ ಬಿಳಿಯೇ ಇರುತ್ತದೆ. ಬಿಳಿ ಗೋಡೆ ಬೆಳಕನ್ನು ಅತ್ತಿತ್ತ ಎಸೆದು ಸಮ ಮಾಡುತ್ತದೆ, ಆದ್ದರಿಂದ ಒಳಗೆ ಬೇರೆ ಬಣ್ಣ ಬೇಡ. ಹೊರಗಿನ ಅಂಚುಗಳಿಗೆಲ್ಲ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ. ಇಲ್ಲದಿದ್ದರೆ ಸನ್‌ಬೋರ್ಡಿನ ಅಂಚಿನಿಂದಲೇ ಬೆಳಕು ಸೋರುತ್ತದೆ.

ಎಲ್‌ಇಡಿಗೂ ಮುಖದ ಹಲಗೆಗೂ ಎಷ್ಟು ದೂರ? ಇಡೀ ಕೆಲಸದ ಗುಟ್ಟು ಇಲ್ಲಿದೆ. ಎರಡು ಎಲ್‌ಇಡಿಗಳ ನಡುವಿನ ಅಂತರ, ಎಲ್‌ಇಡಿಯಿಂದ ಹಲಗೆಗಿರುವ ದೂರಕ್ಕಿಂತ ಜಾಸ್ತಿ ಇರಬಾರದು. ಪೆಟ್ಟಿಗೆ 25 ಮಿಲಿಮೀಟರ್ ಆಳವಿದ್ದರೆ ಎಲ್‌ಇಡಿಗಳನ್ನೂ 25 ಮಿಲಿಮೀಟರ್‌ಗೆ ಒಂದರಂತೆ ಅಥವಾ ಇನ್ನೂ ಹತ್ತಿರ ಕೂರಿಸಿ. ಈ ಲೆಕ್ಕ ತಪ್ಪಿದರೆ ಅಕ್ಷರಗಳಲ್ಲಿ ಒಂದು ಪ್ರಖರ, ಪಕ್ಕದ್ದು ಮಂಕು.

ಎಲ್‌ಇಡಿಯ ಆಕಾರವೂ ಮುಖ್ಯ. ಉದ್ದ ಗುಂಡು ತಲೆಯ 5 ಮಿಲಿಮೀಟರ್ ಸ್ಪಷ್ಟ ಎಲ್‌ಇಡಿ ಟಾರ್ಚಿನಂತೆ ಮುಂದಕ್ಕಷ್ಟೇ ಬೆಳಕು ಚೆಲ್ಲುತ್ತದೆ, ಅದರ ಕೋನ ಸಾಮಾನ್ಯವಾಗಿ 20ರಿಂದ 30 ಡಿಗ್ರಿ. ಕುಳ್ಳ ತಲೆಯ ‘ಸ್ಟ್ರಾ ಹ್ಯಾಟ್’ ಜಾತಿಯದು 120 ಡಿಗ್ರಿ ಹರಡುತ್ತದೆ. ಎರಡನೆಯದನ್ನೇ ಕೇಳಿ. ಸಿಗದಿದ್ದರೆ ಗುಂಡು ತಲೆಯನ್ನು ಮರಳು ಕಾಗದದಲ್ಲಿ ಉಜ್ಜಿ ಮಂಕಾಗಿಸಿ, ಬಹಳ ವ್ಯತ್ಯಾಸವಾಗುತ್ತದೆ. ಮುಖದ ಹಲಗೆಯ ಹಿಂಬದಿಗೆ ಒಂದು ಹಾಳೆ ಬಟರ್ ಪೇಪರ್ ಅಂಟಿಸಿದರೆ ಉಳಿದ ಕಲೆಗಳೂ ಮಾಯ.

ಸ್ವಿಚ್‌ಗಳ ಹಿಂಭಾಗ ಪೆಟ್ಟಿಗೆಯೊಳಗೆ ಚಾಚಿಕೊಂಡು ನೆರಳು ಹಾಕುತ್ತದೆ. ಹಾಗಾಗಿ ಮೊದಲು ಸ್ವಿಚ್ ಕೂರಿಸಿ, ಆಮೇಲೆ ಅವುಗಳ ಎರಡೂ ಬದಿಗೆ ಎಲ್‌ಇಡಿ ಬರುವ ಹಾಗೆ ಗುರುತು ಹಾಕಿ. ಸ್ವಿಚ್ ಮತ್ತು ಅದರ ಹೆಸರಿನ ನಡುವೆ ನೆರಳು ಬೀಳದಿದ್ದರೆ ಸಾಕು.

ಅಂಟಿನ ವಿಷಯ. ಸೂಪರ್ ಗ್ಲೂ ಒಣಗುವಾಗ ಏಳುವ ಆವಿ ಅಕ್ರಿಲಿಕ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಪ್ಯಾನೆಲ್ ಹತ್ತಿರ ತರಲೇಬೇಡಿ. ಹಾಟ್ ಗ್ಲೂ ಸುಲಭ, ಆದರೆ ತಗಡಿನ ಸೂರಿನ ಕೋಣೆಯಲ್ಲಿ ಮೇ ತಿಂಗಳಲ್ಲಿ ಮೆತ್ತಗಾಗಿ ಜಾರುತ್ತದೆ. ಎಲ್‌ಇಡಿ ಪಟ್ಟಿಯ ಹಿಂದಿರುವ ಅಂಟು ಟೇಪಿಗೂ ಅದೇ ಗತಿ. ಸಿಲಿಕೋನ್ ಅಥವಾ ಸಣ್ಣ ಸ್ಕ್ರೂ ನಂಬಿಕೆಗೆ ಯೋಗ್ಯ.

ವೋಲ್ಟ್, ರೆಸಿಸ್ಟರ್ ಲೆಕ್ಕ

ಕರೆಂಟ್ ಎಲ್ಲಿಂದ ತರುವುದು? ಹಳೆಯ ಸೆಟ್‌ಟಾಪ್ ಬಾಕ್ಸ್ ಅಥವಾ ವೈಫೈ ರೂಟರ್‌ನ 12 ವೋಲ್ಟ್ ಅಡಾಪ್ಟರ್ ಮನೆಯಲ್ಲಿ ಬಿದ್ದಿರುತ್ತದೆ. ಅದರ ಮೇಲೆ ಔಟ್‌ಪುಟ್ 12 ವೋಲ್ಟ್ ಡಿಸಿ ಎಂದಿದೆಯೇ ನೋಡಿ, ಮಲ್ಟಿಮೀಟರ್‌ನಲ್ಲಿ ಪ್ಲಸ್ ಮೈನಸ್ ಖಚಿತಪಡಿಸಿಕೊಳ್ಳಿ. ನೇರವಾಗಿ ಮನೆಯ 230 ವೋಲ್ಟ್‌ಗೆ ಜೋಡಿಸುವ ಯಾವ ಎಲ್‌ಇಡಿಯೂ ಈ ಕೆಲಸಕ್ಕೆ ಬೇಡ.

ವಾರ್ಮ್ ವೈಟ್ ಎಲ್‌ಇಡಿ ಒಂದಕ್ಕೆ ಸುಮಾರು 3.1 ವೋಲ್ಟ್ ಬೇಕು. ಮೂರನ್ನು ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ಜೋಡಿಸಿದರೆ 9.3 ವೋಲ್ಟ್. 12ರಲ್ಲಿ ಉಳಿಯುವುದು 2.7 ವೋಲ್ಟ್, ಅದನ್ನು ರೆಸಿಸ್ಟರ್ (ಕರೆಂಟ್ ಮಿತಿಗೊಳಿಸುವ ಪುಟ್ಟ ಭಾಗ) ಹೊರಬೇಕು. ಎಲ್‌ಇಡಿಗೆ 20 ಮಿಲಿಆಂಪ್ ತಡೆಯುವ ಶಕ್ತಿ ಇದ್ದರೂ ಪ್ಯಾನೆಲ್‌ಗೆ 10 ಧಾರಾಳ. 2.7ನ್ನು 0.010ರಿಂದ ಭಾಗಿಸಿದರೆ 270 ಓಮ್. ಈ ಬೆಲೆಯ ರೆಸಿಸ್ಟರ್ ಎಲ್ಲ ಕಡೆ ಸಿಗುತ್ತದೆ, ಮೇಲೆ ಕೆಂಪು, ನೇರಳೆ, ಕಂದು ಪಟ್ಟಿ ಇರುತ್ತದೆ. ಕಾಲು ವ್ಯಾಟ್‌ನದು ಸಾಕು.

ನಾಲ್ಕು ಎಲ್‌ಇಡಿ ಒಂದೇ ಸಾಲಿನಲ್ಲಿ ಹಾಕಬಹುದೇ? 12.4 ವೋಲ್ಟ್ ಬೇಕಾಗುತ್ತದೆ, ನಿಮ್ಮಲ್ಲಿರುವುದು 12. ಸರಿಯಾಗಿ ಉರಿಯುವುದಿಲ್ಲ. ಮೂರು ಮೂರರ ಸಾಲುಗಳನ್ನೇ ಮಾಡಿ. ಪ್ರತಿ ಸಾಲಿಗೂ ಅದರದೇ ರೆಸಿಸ್ಟರ್ ಇರಲಿ. ಎಲ್ಲಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಿದರೆ ಯಾವುದೋ ಒಂದು ಸಾಲು ಜಾಸ್ತಿ ಕರೆಂಟ್ ಎಳೆದು ಬೇಗ ಹೋಗುತ್ತದೆ.

ಒಂದು ಪ್ಯಾನೆಲ್‌ಗೆ 12 ಎಲ್‌ಇಡಿ ಎಂದರೆ ನಾಲ್ಕು ಸಾಲು, 40 ಮಿಲಿಆಂಪ್, ಅರ್ಧ ವ್ಯಾಟಿಗಿಂತ ಕಡಿಮೆ. ಇಂಥ ಹತ್ತು ಪ್ಯಾನೆಲ್ ಮಾಡಿದರೂ 5 ವ್ಯಾಟ್ ದಾಟುವುದಿಲ್ಲ. ದೊಡ್ಡ ಪವರ್ ಸಪ್ಲೈ ತಂದು ಗಾಬರಿ ಮಾಡಿಕೊಳ್ಳಬೇಡಿ. ಅಡಾಪ್ಟರ್‌ನಿಂದ ಹೊರಡುವ ಪ್ಲಸ್ ವೈರಿಗೆ 1 ಆಂಪ್ ಫ್ಯೂಸ್ ಮಾತ್ರ ತಪ್ಪದೆ ಹಾಕಿ.

ಜೋಡಿಸುವಾಗ ಉದ್ದ ಕಾಲು ಪ್ಲಸ್, ಅಂಚು ಚಪ್ಪಟೆ ಇರುವ ಬದಿ ಮೈನಸ್. ಒಂದು ತಲೆಕೆಳಗಾದರೆ ಆ ಸಾಲಿನ ಮೂರೂ ಉರಿಯುವುದಿಲ್ಲ. ಆದ್ದರಿಂದ ಒಂದೊಂದು ಸಾಲು ಮುಗಿದಂತೆ 12 ವೋಲ್ಟ್ ಕೊಟ್ಟು ನೋಡಿ, ಪೆಟ್ಟಿಗೆ ಮುಚ್ಚಿದ ಮೇಲೆ ಹುಡುಕುವುದು ತಲೆನೋವು.

ಸೋಲ್ಡರಿಂಗ್ ಬೇಡ ಅನ್ನುವವರಿಗೆ 12 ವೋಲ್ಟ್ ಎಲ್‌ಇಡಿ ಪಟ್ಟಿ ಇದೆ. ಮೀಟರಿಗೆ 60 ಎಲ್‌ಇಡಿ ಇರುವ ಪಟ್ಟಿಯನ್ನು ಮೂರು ಎಲ್‌ಇಡಿಗೊಮ್ಮೆ, ಅಂದರೆ 5 ಸೆಂಟಿಮೀಟರ್‌ಗೊಮ್ಮೆ ಗುರುತಿರುವ ಕಡೆ ಕತ್ತರಿಸಬಹುದು. ಅದರೊಳಗೂ ಇದೇ ಮೂರರ ಸಾಲು ಮತ್ತು ರೆಸಿಸ್ಟರ್ ಇರುತ್ತದೆ. 10 ಸೆಂಟಿಮೀಟರ್‌ನ ಮೂರು ತುಂಡು ಹಾಕಿದರೆ ಒಂದು ಪ್ಯಾನೆಲ್ ತುಂಬುತ್ತದೆ. ಬೆಳಕು ಮಾತ್ರ ವಿಪರೀತ, ಡಿಮ್ಮರ್ ಇಲ್ಲದೆ ಕಣ್ಣಿಗೆ ಹೊಡೆಯುತ್ತದೆ.

ಬಿಡಿ ಭಾಗಗಳಿಗೆ ಬೀದರ್, ಕಲಬುರಗಿಯ ರಿಪೇರಿ ಅಂಗಡಿಗಳನ್ನೇ ಮೊದಲು ಕೇಳಿ. ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್‌ಗಿಂತ ನಮಗೆ ಹೈದರಾಬಾದ್‌ನ ಕೋಠಿಯ ಗುಜರಾತಿ ಗಲ್ಲಿ ಹತ್ತಿರ.

ಮಂದ ಮಾಡುವ ಗುಂಡಿ

ಡಿಮ್ಮರ್ ಬೇಕೇ ಬೇಕು. ವೋಲ್ಟೇಜ್ ಇಳಿಸಿ ಮಂದ ಮಾಡಲು ಹೋದರೆ 9 ವೋಲ್ಟ್ ಹತ್ತಿರ ಬಂದಾಗ ಕೆಲವು ಸಾಲು ಆರಿ, ಕೆಲವು ಉರಿಯುತ್ತಿರುತ್ತವೆ. ಎಲ್‌ಇಡಿಗೆ ಪಿಡಬ್ಲ್ಯೂಎಂ ಸರಿಯಾದ ದಾರಿ. ಅಂದರೆ ಬೆಳಕನ್ನು ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಆರಿಸಿ ಹಚ್ಚುವುದು. ಗುಂಡಿ ಇರುವ ಸಿದ್ಧ 12 ವೋಲ್ಟ್ ಡಿಮ್ಮರ್ ಅಂಗಡಿಯಲ್ಲೇ ಸಿಗುತ್ತದೆ. ಅದು ಸಾಕೆನಿಸಿದರೆ ಈ ಭಾಗದ ಉಳಿದದ್ದನ್ನು ಬಿಟ್ಟು ಮುಂದೆ ಹೋಗಿ.

ಆರ್ಡುಯಿನೋ (ಕೋಡ್ ಬರೆದು ಓಡಿಸುವ ಪುಟ್ಟ ನಿಯಂತ್ರಕ ಬೋರ್ಡ್) ಬಳಸುವವರಿಗೆ: ಪಿನ್‌ನಿಂದ ನೇರವಾಗಿ ಪ್ಯಾನೆಲ್ ಓಡಿಸಬೇಡಿ, ನಡುವೆ ಮಾಸ್ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಇರಲಿ. ಐಆರ್‌ಎಲ್‌ಝಡ್44ಎನ್ ಒಳ್ಳೆಯದು. ಅಂಗಡಿಯಲ್ಲಿ ಅದೇ ಹೆಸರಿನ ಹಾಗೆ ಕೇಳಿಸುವ ಐಆರ್‌ಎಫ್‌ಝಡ್44ಎನ್ ಕೊಡುತ್ತಾರೆ. ಅದು 5 ವೋಲ್ಟ್‌ಗೆ ಪೂರ್ತಿ ತೆರೆದುಕೊಳ್ಳುವುದಿಲ್ಲ, ‘ಎಲ್’ ಇರುವುದನ್ನೇ ಕೇಳಿ. ಬರಹ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ ಗೇಟ್, ಡ್ರೈನ್, ಸೋರ್ಸ್. ಪ್ಯಾನೆಲ್‌ನ ಪ್ಲಸ್ 12 ವೋಲ್ಟ್‌ಗೆ, ಮೈನಸ್ ಡ್ರೈನ್‌ಗೆ, ಸೋರ್ಸ್ ಗ್ರೌಂಡ್‌ಗೆ. ಆರ್ಡುಯಿನೋದ 9ನೇ ಪಿನ್‌ನಿಂದ 220 ಓಮ್ ಮೂಲಕ ಗೇಟ್‌ಗೆ. ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ಹಾಕಿ, ಇಲ್ಲದಿದ್ದರೆ ಕಂಪ್ಯೂಟರ್ ಆನ್ ಆಗುವ ಹೊತ್ತಿಗೆ ಪ್ಯಾನೆಲ್ ತಾನಾಗಿ ಮಿನುಗುತ್ತದೆ. ಅಡಾಪ್ಟರ್‌ನ ಮೈನಸ್ಸೂ ಆರ್ಡುಯಿನೋದ ಗ್ರೌಂಡೂ ಸೇರಿರಲೇಬೇಕು. ‘ಎಲ್ಲ ಸರಿ ಇದೆ, ಆದರೂ ಉರಿಯುತ್ತಿಲ್ಲ’ ಎಂಬ ಗೋಳಿಗೆ ಹೆಚ್ಚಿನ ಸಲ ಇದೇ ಕಾರಣ. 12 ವೋಲ್ಟ್‌ನ ವೈರ್ ಮಾತ್ರ ಆರ್ಡುಯಿನೋದ ಯಾವ ಪಿನ್ನಿಗೂ ತಾಗಬಾರದು.

ಮಂದ ಮಾಡುವ ಗುಂಡಿಯಾಗಿ 10 ಕಿಲೋಓಮ್ ಪೊಟೆನ್ಷಿಯೋಮೀಟರ್ ಹಾಕಿ, ಆರ್ಡುಯಿನೋದಲ್ಲಿ ಅದನ್ನು ಓದಿದರೆ 0ಯಿಂದ 1023 ಬರುತ್ತದೆ, ಬೆಳಕಿಗೆ ಬೇಕಾದ್ದು 0ಯಿಂದ 255. ನಾಲ್ಕರಿಂದ ಭಾಗಿಸಿದರೆ ಆಯಿತು ಎಂದು ಹಲವರು ಹೇಳುತ್ತಾರೆ. ಮಾಡಿ ನೋಡಿ, ಗುಂಡಿಯನ್ನು ಸ್ವಲ್ಪ ತಿರುಗಿಸಿದ ಕೂಡಲೇ ಬೆಳಕು ಜಿಗಿಯುತ್ತದೆ, ಆಮೇಲೆ ತಿರುಗಿಸಿದ್ದೆಲ್ಲ ವ್ಯರ್ಥ. ಮಂದ ಬೆಳಕಿನ ಸಣ್ಣ ಏರಿಳಿತ ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಹೀಗೆ. ಓದಿದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 4096ರಿಂದ ಭಾಗಿಸಿ. ಕೆಳಗಿನ ತುದಿಯಲ್ಲಿ ಬೆಳಕು ನಯವಾಗಿ ಏರುತ್ತದೆ, ಕಾಕ್‌ಪಿಟ್‌ಗೆ ಬೇಕಾದ್ದೂ ಆ ತುದಿಯೇ. ಆದರೆ ಆರ್ಡುಯಿನೋ ಊನೋ ಬೋರ್ಡಿನಲ್ಲಿ ಸಾಮಾನ್ಯ ಪೂರ್ಣಾಂಕ 32767ಕ್ಕೆ ನಿಲ್ಲುತ್ತದೆ, ಗುಣಿಸಿದಾಗ ಉಕ್ಕಿ ಹರಿದು ಬೆಳಕು ಹುಚ್ಚುಹುಚ್ಚಾಗಿ ಆಡುತ್ತದೆ. ಆ ಸಂಖ್ಯೆಯನ್ನು ‘ಲಾಂಗ್’ ಎಂದು ಘೋಷಿಸಿ.

9ನೇ ಪಿನ್‌ನ ಪಿಡಬ್ಲ್ಯೂಎಂ ಸೆಕೆಂಡಿಗೆ ಸುಮಾರು 490 ಸಲ ಮಿಟುಕುತ್ತದೆ. ಕಣ್ಣಿಗೆ ತೊಂದರೆ ಇಲ್ಲ, ಮೊಬೈಲ್‌ನಲ್ಲಿ ವಿಡಿಯೋ ತೆಗೆದರೆ ಮಾತ್ರ ಪಟ್ಟೆ ಕಾಣಬಹುದು. 5 ಅಥವಾ 6ನೇ ಪಿನ್‌ನಲ್ಲಿ ಇದರ ಎರಡು ಪಟ್ಟು ವೇಗವಿದೆ.

ಸಿಮ್ಯುಲೇಟರ್ ಜೊತೆಗೂ ಬೆಳಕನ್ನು ಬೆಸೆಯಬಹುದು. ಮೊಬಿಫ್ಲೈಟ್ ಎಂಬ ಉಚಿತ ತಂತ್ರಾಂಶ ಆರ್ಡುಯಿನೋ ಮೆಗಾದಂಥ ಬೋರ್ಡನ್ನು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೂ ಎಕ್ಸ್-ಪ್ಲೇನ್‌ಗೂ ಜೋಡಿಸುತ್ತದೆ, ಕೋಡ್ ಬರೆಯುವುದೇ ಬೇಡ. ಪರದೆಯ ವಿಮಾನದಲ್ಲಿ ಬ್ಯಾಟರಿ ಆಫ್ ಮಾಡಿದಾಗ ನಿಮ್ಮ ಮೇಜಿನ ಮೇಲಿನ ಪ್ಯಾನೆಲ್ಲೂ ಆರುವುದನ್ನು ನೋಡಲು ಮಜಾ.

ಎಚ್ಚರಿಕೆ ದೀಪಗಳು

ಇವುಗಳ ಲೆಕ್ಕ ಬೇರೆ. ವಿಮಾನದಲ್ಲಿ ಕೆಂಪು ಎಂದರೆ ಕೂಡಲೇ ಏನಾದರೂ ಮಾಡಿ, ಅಂಬರ್ ಎಂದರೆ ಗಮನ ಕೊಡಿ, ಹಸಿರು ಎಂದರೆ ಎಲ್ಲ ಸರಿ. ಚೆಂದಕ್ಕೆಂದು ಬಣ್ಣ ಬದಲಿಸಬೇಡಿ. ಒಂದೊಂದಕ್ಕೂ ಪ್ರತ್ಯೇಕ ಗೂಡು ಬೇಕು, ನಡುವೆ ಕಪ್ಪು ರಟ್ಟಿನ ಗೋಡೆ ಇಡಿ. ಇಲ್ಲದಿದ್ದರೆ ಹಸಿರು ಹತ್ತಿದಾಗ ಪಕ್ಕದ ಕೆಂಪು ಗೂಡೂ ಮಂಕಾಗಿ ಬೆಳಗುತ್ತದೆ.

ಕೆಂಪು, ಅಂಬರ್ ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಆರ್ಡುಯಿನೋ ಪಿನ್‌ನ 5 ವೋಲ್ಟ್‌ನಿಂದ ಓಡಿಸಿದರೆ 390 ಓಮ್ ಹಾಕಿ, 8 ಮಿಲಿಆಂಪ್‌ಗಿಂತ ಕೊಂಚ ಕಡಿಮೆ ಬರುತ್ತದೆ. ಹಸಿರಿನಲ್ಲಿ ಎರಡು ಜಾತಿ. ಹಳೆಯ ಮಂಕು ಹಸಿರಿಗೂ ಸುಮಾರು 2 ವೋಲ್ಟೇ, ಹೊಸ ಪ್ರಖರ ಹಸಿರಿಗೆ 3 ವೋಲ್ಟ್. ಪ್ರಖರ ಹಸಿರು ಕಡಿಮೆ ಕರೆಂಟಿನಲ್ಲೂ ಕಣ್ಣು ಕುಕ್ಕುತ್ತದೆ, ಅದಕ್ಕೆ 1 ಕಿಲೋಓಮ್ ಅಥವಾ ಅದಕ್ಕಿಂತ ದೊಡ್ಡ ರೆಸಿಸ್ಟರ್ ಹಾಕಿ ಉಳಿದವಕ್ಕೆ ಹೊಂದಿಸಿ. ಊನೋ ಚಿಪ್ ಒಟ್ಟಾರೆ 200 ಮಿಲಿಆಂಪ್‌ಗಿಂತ ಜಾಸ್ತಿ ತಾಳುವುದಿಲ್ಲ. ದೀಪಗಳು ಇಪ್ಪತ್ತರ ಹತ್ತಿರ ಬಂದರೆ 74ಎಚ್‌ಸಿ595ರಂಥ ಶಿಫ್ಟ್ ರಿಜಿಸ್ಟರ್‌ಗೆ (ಕೆಲವೇ ಪಿನ್‌ಗಳಿಂದ ಹಲವು ದೀಪ ಓಡಿಸುವ ಚಿಪ್) ಹೋಗಿ, ಮೊಬಿಫ್ಲೈಟ್‌ಗೆ ಅದೂ ಗೊತ್ತು.

ಮುಚ್ಚುವ ಮೊದಲು

ಕೋಣೆ ಕತ್ತಲು ಮಾಡಿ ಪ್ಯಾನೆಲ್‌ನ ಫೋಟೋ ತೆಗೆಯಿರಿ. ಕಣ್ಣು ಕ್ಷಮಿಸುವ ಏರುಪೇರನ್ನು ಕ್ಯಾಮೆರಾ ಕ್ಷಮಿಸುವುದಿಲ್ಲ. ಪ್ರಖರವಾಗಿರುವ ಜಾಗದ ಹಿಂದೆ ಬಟರ್ ಪೇಪರ್‌ನ ಇನ್ನೊಂದು ಸಣ್ಣ ತುಂಡು ಅಂಟಿಸಿ, ಮತ್ತೆ ಫೋಟೋ ತೆಗೆದು ನೋಡಿ. ಮಾನಿಟರ್‌ನ ಬೆಳಕನ್ನೂ ಇಳಿಸಿ. ಪರದೆ ಹಗಲಿನಂತೆ ಉರಿಯುತ್ತಿದ್ದರೆ ಎಷ್ಟು ಒಳ್ಳೆಯ ಪ್ಯಾನೆಲ್ ಆದರೂ ಮಂಕಾಗಿಯೇ ಕಾಣುತ್ತದೆ.

ಪ್ಯಾನೆಲ್‌ಗೂ ಅಡಾಪ್ಟರ್‌ಗೂ ನಡುವೆ ಬಿಚ್ಚಿ ಹಾಕುವ ಕನೆಕ್ಟರ್ ಇರಲಿ, ಪ್ರತಿ ವೈರಿಗೂ ಟೇಪ್ ಮೇಲೆ ಹೆಸರು ಬರೆಯಿರಿ. ಪೆಟ್ಟಿಗೆಯ ಹಿಂಬದಿ ಅಂಟಿಸದೆ ಸ್ಕ್ರೂನಲ್ಲೇ ಕೂರಿಸಿ, ನಮ್ಮ ಕಡೆಯ ಧೂಳಿಗೆ ಆಗಾಗ ತೆರೆದು ಒರೆಸಬೇಕಾಗುತ್ತದೆ. ಮುಂದೆ ಇನ್ನೂ ಪ್ಯಾನೆಲ್ ಮಾಡುವ ಯೋಚನೆ ಇದ್ದರೆ ಎಲ್‌ಇಡಿಗಳನ್ನು ಒಂದೇ ಸಲ, ಒಂದೇ ಪ್ಯಾಕೆಟ್‌ನಿಂದ ಕೊಂಡಿಡಿ. ಮುಂದಿನ ವರ್ಷ ಅದೇ ಅಂಗಡಿಯಲ್ಲಿ ವಾರ್ಮ್ ವೈಟ್ ಎಂದು ತಂದದ್ದು ಇದರ ಪಕ್ಕ ಇಟ್ಟಾಗ ಬೇರೆಯೇ ಬಿಳಿಯಾಗಿ ಕಾಣಬಹುದು.